ಚಂದ್ರಿಕೆ ಹೊದ್ದ ಕಾರು

ಶಶಿರೇಖ ಕಾರಿನ ಬಾಗಿಲು ತೆಗೆದಾಗ ಒಳಗಿನಿಂದ ನುಗ್ಗಿದ ಬಿಸಿಗೆ ಅವಳೇ ಒಂದು ಹೆಜ್ಜೆ ಹಿಂದೆ ಸರಿದಳು. ಬಂಗಾರಪೇಟೆಯ ಆ ಆಸ್ಪತ್ರೆಯ ಅಂಗಳದಲ್ಲಿ ಇದ್ದದ್ದು ಒಂದೇ ಹೊಂಗೆಮರ. ಅದರ ನೆರಳು ಬೆಳಗ್ಗೆ ಎಂಟಕ್ಕೇ ಬೈಕುಗಳ ಪಾಲಾಗಿರುತ್ತಿತ್ತು. ಅವಳು ಬಾಡಿಗೆಗೆ ಓಡಿಸುತ್ತಿದ್ದ ಹಳೇ ಕಾರು ಏಪ್ರಿಲ್ ಬಿಸಿಲಿನಲ್ಲಿ ಐದು ಗಂಟೆ ಹೊತ್ತು ಬೆಂದಿತ್ತು. ಅದರ ಎಸಿ ಸತ್ತು ಎರಡು ವರ್ಷವಾಗಿತ್ತು.

ಡಯಾಲಿಸಿಸ್ ಮುಗಿಸಿ ಹೆಂಡತಿಯ ಭುಜ ಹಿಡಿದು ಬಂದ ಕೋದಂಡಪ್ಪ ಸೀಟಿನ ಮೇಲೆ ಕೂತವನೇ ಬೆಂಕಿ ಮುಟ್ಟಿದವನಂತೆ ಎದ್ದ. ದಾರಿಯಲ್ಲಿ ಎರಡು ಸಲ ವಾಂತಿ ಮಾಡಿಕೊಂಡ. ಕೋರಮಂಡಲ್ ಗಣಿ ಕಾಲೋನಿಯ ಮನೆ ಮುಂದೆ ಇಳಿಸುವಾಗ ಅವನ ಕಾಲಲ್ಲಿ ಶಕ್ತಿಯೇ ಇರಲಿಲ್ಲ, ಆದರೆ ಬಾಯಲ್ಲಿತ್ತು.

"ಪೋದುಂ ತಾಯಿ, ಸಾಕು. ಅಲ್ಲಿ ರಕ್ತ ತೊಳೀತಾರೆ, ಇಲ್ಲಿ ನೀನು ಬೇಯಿಸ್ತೀಯ. ಇನ್ನ ನಾನು ಬರಲ್ಲ."

ಇಪ್ಪತ್ತೆರಡು ವರ್ಷ ಗಣಿಯೊಳಕ್ಕೆ ಇಳಿದ ಮನುಷ್ಯ, ಹೇಳಿದ್ದು ಹೇಳಿದ್ದೇ. ವಾರಕ್ಕೆ ಮೂರು ಸಲ ಹೋಗದಿದ್ದರೆ ಏನಾಗುತ್ತದೆಂದು ಡಾಕ್ಟರು ಅವನ ಹೆಂಡತಿ ಮುನಿಶಾಮಮ್ಮನಿಗೆ ಬಿಡಿಸಿ ಹೇಳಿದ್ದರು. ಬಸ್ಸಿನ ನೂಕುನುಗ್ಗಲು ಅವನಿಗಾಗದು. ಬೇರೆ ಕಾರಿನವರು ವಾಂತಿ ನೋಡಿ ಆಗಲೇ ಕೈಬಿಟ್ಟಿದ್ದರು. ಉಳಿದವಳು ಶಶಿರೇಖ ಒಬ್ಬಳೇ. ಒಬ್ಬ ಮನುಷ್ಯನ ಜೀವ ತನ್ನ ಸೀಟಿನ ಕಾವಿಗೆ ಹೋಗಿಬಿಟ್ಟರೆ ಎಂಬ ಚಿಂತೆಯಲ್ಲಿ ಅವಳಿಗೆ ಅವತ್ತು ಊಟವೂ ಸೇರಲಿಲ್ಲ.

ಅವಳು ಕಾಮಸಮುದ್ರದ ಕಡೆಯವಳು, ರೇಷ್ಮೆಹುಳ ಮೇಯಿಸುವ ಮನೆಯಲ್ಲಿ ಬೆಳೆದವಳು. ಹುಳದ ಮನೆ ಕಾದರೆ ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಬೇಕು ಎಂಬುದು ಅವಳಿಗೆ ಅಕ್ಷರ ಕಲಿಯುವ ಮೊದಲೇ ಗೊತ್ತಿತ್ತು. ಬುಧವಾರ, ಅತ್ತು ಕರೆದು "ಇದೊಂದು ಸಲ" ಎಂದು ಮುನಿಶಾಮಮ್ಮ ಗಂಡನನ್ನು ಹೊರಡಿಸಿದಾಗ, ಶಶಿರೇಖ ಡಿಕ್ಕಿಯಲ್ಲಿ ಆರು ಗೋಣಿಚೀಲ ತಂದಿದ್ದಳು. ಆಸ್ಪತ್ರೆಯ ನಲ್ಲಿಯಲ್ಲಿ ಅವನ್ನು ನೆನೆಸಿ ಸೀಟುಗಳಿಗೆಲ್ಲ ಹೊದಿಸಿ, ತಂಪು ಆಚೆ ಹೋಗದಿರಲೆಂದು ಗಾಜುಗಳನ್ನು ಬಿಗಿಯಾಗಿ ಏರಿಸಿ, ದೊಡ್ಡ ಕೆಲಸ ಗೆದ್ದವಳಂತೆ ಟೀ ಕುಡಿಯಲು ಹೋದಳು.

ಮಧ್ಯಾಹ್ನ ಬಾಗಿಲು ತೆಗೆದರೆ ಒಳಗೆಲ್ಲ ಹಬೆ. ಗಾಜಿನ ಮೇಲೆ ನೀರಿಳಿಯುತ್ತಿತ್ತು. ಹಸಿ ಗೋಣಿಯ ಮುಗ್ಗಲು ನಾತ ಬೇರೆ.

"ನನ್ನೇನು ಇಡ್ಲಿ ಅನ್ಕೊಂಡ್ಯಾ?" ಎಂದ ಕೋದಂಡಪ್ಪ.

ಶಶಿರೇಖಳಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ನಾಲ್ಕೂ ಗಾಜು ಇಳಿಸಿ, ಇರುವೆಯಂತೆ ಮೆಲ್ಲಗೆ ಓಡಿಸಿಕೊಂಡು ಬಂದಳು. ಮನೆ ಮುಂದೆ ಇಳಿದವನು ಜಗಲಿಯ ಮೇಲೆ ಬಹಳ ಹೊತ್ತು ಉಸಿರೆಳೆದುಕೊಂಡ. ಆಮೇಲೆ ಕೇಳಿದ.

"ಗೋಣಿ ಯಾಕಮ್ಮಣ್ಣಿ ಆಕ್ದೆ?"

"ಹುಳದ ಮನೆಗೆ ಅಂಗೇ ಆಕೋದಣ್ಣ."

"ಹುಳದ ಮನೇಲಿ ಗಾಳಿ ಎಲ್ಲಿಂದ ಬತ್ತದೆ?"

"ಕೆಳಗಡೆ ಕಿಟಕಿಯಿಂದ. ಮೇಲ್ಗಡೆ ಕಿಂಡಿಯಿಂದ ಆಚೆ ಓಯ್ತದೆ."

"ಕಾರಲ್ಲಿ ಎಲ್ಲಿಂದ ಓಯ್ತದೆ?"

ಶಶಿರೇಖ ತಿರುಗಿ ಕಾರಿನ ಗಾಜುಗಳನ್ನು ನೋಡಿದಳು. ಕೋದಂಡಪ್ಪನ ಬೆನ್ನು ನೆಟ್ಟಗಾಯಿತು. ಗಾಳಿ ಆಡಿಸುವುದು ಅವನಿಗೆ ಗೊತ್ತಿದ್ದ ವಿದ್ಯೆ, ಎಷ್ಟೋ ವರ್ಷಗಳಿಂದ ಅದನ್ನು ಯಾರೂ ಕೇಳಿರಲಿಲ್ಲ.

"ಗಣಿ ಕೆಳಗಡೆ ಬಂಡೇನೇ ಸುಡ್ತಿತ್ತು. ಗಾಳಿ ಬರಕ್ಕೊಂದು ದಾರಿ, ಓಗಕ್ಕೊಂದು ದಾರಿ ಇದ್ದಿದ್ದಕ್ಕೇ ಬದುಕ್ದೋ. ಎರಡು ಕಡೆ ಗಾಜೂ ಎರಡೆರಡು ಬೆಟ್ಟಗಲ ಇಳಿಸಿಡು. ಬಿಸಿಲು ಗಾಜು ದಾಟಿ ಒಳಕ್ಕೆ ಬಂದ್ಮೇಲೆ ನೀನೇನು ಮಾಡಿದ್ರೂ ಅಷ್ಟೆ. ಅದನ್ನ ಆಚೇನೇ ತಡೀಬೇಕು. ಏನಾದ್ರೂ ಚಾಪೆಗೀಪೆ ಐತಾ?"

"ಅಟ್ಟದ ಮೇಲೆ ಹಳೇ ಚಂದ್ರಿಕೆ ಅವೆ," ಎಂದಳು ಶಶಿರೇಖ. ಹುಳ ಗೂಡು ಕಟ್ಟಲು ಬಿಡುವ ಆಳುದ್ದದ ಬಿದಿರ ತಟ್ಟಿಗಳವು. ಪ್ಲಾಸ್ಟಿಕ್ಕಿನವು ಬಂದ ಮೇಲೆ ಅವನ್ನು ಕೇಳುವವರಿರಲಿಲ್ಲ.

"ಸೆರಿ. ಮಾಡ್ಕೋ. ನಾನಂತೂ ಬರಲ್ಲ."

ಶುಕ್ರವಾರ ಬೆಳಗ್ಗೆ ಅವಳು ಎರಡು ಚಂದ್ರಿಕೆಗಳನ್ನು ಕಾರಿನ ನೆತ್ತಿಗೆ ಬಿಗಿದುಕೊಂಡು ಬಂದು ನಿಂತಾಗ, ಕೋದಂಡಪ್ಪ ಶರ್ಟು ಹಾಕಿಕೊಂಡು ಜಗಲಿಯಲ್ಲೇ ಕೂತಿದ್ದ.

"ನಾನು ಯೋಳಿದಂಗೆ ಕಟ್ತೀಯೋ ಇಲ್ವೋ ನೋಡಕ್ಕೆ ಬತ್ತಿದ್ದೀನಿ, ಅಷ್ಟೆ," ಎಂದ ಬಿಗುಮಾನದಿಂದ. ಮುನಿಶಾಮಮ್ಮ ಉಸಿರೆತ್ತದೆ ಬುತ್ತಿಚೀಲ ತಂದಳು. ಮಾತಾಡಿದರೆ ಎಲ್ಲಿ ಮನಸ್ಸು ಬದಲಾಯಿಸುತ್ತಾನೋ ಎಂಬ ಭಯ ಅವಳಿಗೆ.

ಆಸ್ಪತ್ರೆಯಲ್ಲಿ ನರ್ಸು ಕರೆಯುತ್ತಿದ್ದರೂ ಅವನು ಅಂಗಳದಲ್ಲೇ ನಿಂತು ಹಗ್ಗದ ಗಂಟು ಬಿಚ್ಚಿಸಿ ಮತ್ತೆ ಕಟ್ಟಿಸಿದ. ಒಂದು ಚಂದ್ರಿಕೆ ಮುಂದಿನ ಗಾಜಿನ ಮೇಲೆ, ಇನ್ನೊಂದು ನೆತ್ತಿಯಿಂದ ಬಿಸಿಲ ಕಡೆಯ ಬಾಗಿಲುಗಳ ಮೇಲೆ ಇಳಿಬಿದ್ದಿತ್ತು. ಬಂದವರೆಲ್ಲ ನಕ್ಕರು. ಅವನು ಒಳಗೆ ಹೋದ ಮೇಲೆ ಶಶಿರೇಖ ನಗುವವರ ನಡುವೆಯೇ ಐದು ಗಂಟೆ ಕಾವಲು ಕೂತಳು. ಅವನು ಬರುವ ಹತ್ತು ನಿಮಿಷಕ್ಕೆ ಮುಂಚೆ ನಾಲ್ಕೂ ಬಾಗಿಲು ತೆರೆದಿಟ್ಟು, ದೇವರೇ ಎಂದು ನಿಂತಳು.

ಕೋದಂಡಪ್ಪ ಬಂದ. ಮೊದಲು ಸೀಟಿನ ಮೇಲೆ ಅಂಗೈ ಇಟ್ಟ. ಅಲ್ಲೇ ಇಟ್ಟುಕೊಂಡು ಸ್ವಲ್ಪ ಹೊತ್ತು ನಿಂತ. ಆಮೇಲೆ ಕೂತ. ತಂಪೇನೂ ಇರಲಿಲ್ಲ, ಸುಳ್ಳೇಕೆ, ಆದರೆ ಕೂರುವಂತಿತ್ತು. ದಾರಿಯುದ್ದಕ್ಕೂ ಶಶಿರೇಖಳ ಕಣ್ಣು ಕನ್ನಡಿಯಲ್ಲೇ. ಅವನು ವಾಂತಿ ಮಾಡಲಿಲ್ಲ. ಕಿಟಕಿಯ ಆಚೆ ನೋಡುತ್ತಾ ಕೂತಿದ್ದ.

ಮನೆ ಮುಂದೆ ಇಳಿದು, ಎರಡು ಹೆಜ್ಜೆ ನಡೆದು ತಿರುಗಿದ.

"ಹಿಂದ್ಲ ಗಾಜು ಅಂಗೇ ಬಿಟ್ಬಿಟ್ಟಿದ್ದೀಯಲ್ಲ, ಕತ್ತು ಸುಡ್ತು. ಸೋಮವಾರ ಬರೋವಾಗ ಇನ್ನೊಂದು ತಕೊಂಬಾ."

ಸೋಮವಾರ ಎಂದದ್ದು ಕೇಳಿದ ಮುನಿಶಾಮಮ್ಮ ಅಕ್ಕಪಕ್ಕದವರು ನೋಡುತ್ತಿದ್ದಾರೆಂಬುದನ್ನೂ ಮರೆತು, ಬುತ್ತಿಚೀಲ ಹಿಡಿದುಕೊಂಡೇ ಬಿಕ್ಕಿ ಬಿಕ್ಕಿ ಅತ್ತಳು.

ಶಶಿರೇಖ ಕಾರಿನ ನೆತ್ತಿಯ ಹಗ್ಗ ಬಿಗಿಮಾಡಿದಳು. "ತತ್ತೀನಣ್ಣ," ಎಂದಳು.