ಮೊದಲ ಪುಟದಲ್ಲಿ ಫಕ್ಕೀರವ್ವ

ಎಡಪಕ್ಷದ ವಾರಪತ್ರಿಕೆ 'ದುಡಿಮೆಗಾರ' ಬೆಂಗಳೂರಿನಿಂದ ರೈಲಿನಲ್ಲಿ ಹಾವೇರಿಗೆ ಬರುತ್ತಿತ್ತು. ಕನಕರಾಜ ತನ್ನೂರು ಕರ್ಜಗಿಯಿಂದ ಬೈಕಿನಲ್ಲಿ ಹೋಗಿ ಕಟ್ಟು ಇಳಿಸಿಕೊಂಡು, ಕೋರ್ಟಿನ ನಾಲ್ಕಾರು ವಕೀಲರಿಗೆ ಕೊಟ್ಟು, ಉಳಿದದ್ದನ್ನು ಬ್ಯಾಡಗಿಗೆ ಒಯ್ಯುತ್ತಿದ್ದ. ಬ್ಯಾಡಗಿಯ ಸ್ಟೇಷನ್ ರಸ್ತೆಯಲ್ಲಿ ಅವನದು ಪಂಪಸೆಟ್ಟಿನ ಮೋಟಾರು ರಿಪೇರಿ ಅಂಗಡಿ. ಜಿಲ್ಲೆಗೆ ಪತ್ರಿಕೆಯ ವರದಿಗಾರನೂ ಅವನೇ, ಹಂಚುವವನೂ ಅವನೇ.

ಮೂರನೆಯ ಪುಟದಲ್ಲಿ ಬೇರೆ ದೇಶಗಳ ಪಕ್ಷದ ಪತ್ರಿಕೆಗಳಿಂದ ಆರಿಸಿದ ಸುದ್ದಿ ಇರುತ್ತಿತ್ತು. ಗ್ರೀಸಿನ ಬಂದರಿನ ಹಮಾಲರು, ಪೋರ್ಚುಗಲ್ಲಿನ ಬಸ್ ಚಾಲಕರು, ನೇಪಾಳದ ಚಹಾ ತೋಟದ ಹೆಂಗಸರು. ಪಕ್ಕದ ಚಹಾದಂಗಡಿಯ ಅಬ್ದುಲರಜಾಕ ಕಟ್ಟು ಕಂಡ ಕೂಡಲೇ, "ಕಾಮ್ರೇಡ್ರ, ಗ್ರೀಸಿನ್ಯಾಗ ಸಂಪ ಮುಗೀತೇನ್ರಿ? ಚಿಂತ್ಯಾಗ ನನಗ ಊಟಾನ ಸೇರವಲ್ದು" ಎನ್ನುತ್ತಿದ್ದ. ಕನಕರಾಜನೂ ನಗುತ್ತಿದ್ದ. ಮೆಣಸಿನಕಾಯಿ ವ್ಯಾಪಾರಿಗಳು ವರ್ಷದ ಚಂದಾ ತಪ್ಪದೆ ಕೊಡುತ್ತಿದ್ದರು. ತಮ್ಮ ಗೋಡೌನಿನ ಗೇಟಿನ ಮುಂದೆ ಬಾವುಟ ಹಿಡಿದು ಯಾರೂ ನಿಲ್ಲದಿರಲಿ ಎಂದು ಕೊಡುವ ಚಂದಾ ಅದು. ಪತ್ರಿಕೆ ಅವರ ಅಂಗಡಿಗಳಲ್ಲಿ ಮಡಿಕೆ ಬಿಚ್ಚದೆ ಬಿದ್ದಿರುತ್ತಿತ್ತು.

ಆ ಸುಗ್ಗಿಯಲ್ಲಿ ಒಂದು ಗೋಡೌನಿನಲ್ಲಿ ಪೇರಿಸಿದ್ದ ಚೀಲಗಳ ಥಪ್ಪಿ ಮೈಮೇಲೆ ಕುಸಿದು ಫಕ್ಕೀರವ್ವ ಸತ್ತಳು. ರಾಣೇಬೆನ್ನೂರಿನ ಹತ್ತಿರದ ಹಲಗೇರಿಯವಳು. ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸಲು ಟೆಂಪೋದಲ್ಲಿ ಬರುವ ಹೆಂಗಸರ ಜೊತೆ ದಿನಾ ಬರುತ್ತಿದ್ದಳು. ಗೋಡೌನಿನ ಮ್ಯಾನೇಜರ ಪ್ರವೀಣಕುಮಾರ ಅವಳನ್ನು ರಾಣೇಬೆನ್ನೂರಿಗೆ ಸಾಗಿಸಿ, ದವಾಖಾನೆಯಲ್ಲಿ ರಸ್ತೆ ಬದಿಯಲ್ಲಿ ಬಿದ್ದಿದ್ದಳೆಂದು ಬರೆಸಿದ. ಆ ದಿನ ಅವಳು ಕೆಲಸಕ್ಕೇ ಬಂದಿರಲಿಲ್ಲ ಎಂಬುದು ಗೋಡೌನಿನ ಮಾಲೀಕರಾದ ಸಾವಕಾರರ ಮಾತು. ದಿನಪತ್ರಿಕೆಗಳಲ್ಲಿ ಒಂದು ಸಾಲೂ ಬರಲಿಲ್ಲ. ಗಂಡ ನಾಗಪ್ಪ ಪರಿಹಾರಕ್ಕೆಂದು ಹಾವೇರಿಯ ಕಾರ್ಮಿಕ ಕಚೇರಿಗೆ ಅರ್ಜಿ ಕೊಟ್ಟಾಗ, ಅವಳು ಗೋಡೌನಿನಲ್ಲೇ ಸತ್ತಳು ಎನ್ನುವುದಕ್ಕೆ ಏನು ಆಧಾರ ಎಂದು ಕೇಳಿದರು. ಟೆಂಪೋದಲ್ಲಿ ಬಂದವರನ್ನು ಕೇಳಿದರೆ ಎಲ್ಲರೂ ಆ ಹೊತ್ತಿಗೆ ಹೊರಗಿದ್ದರಂತೆ.

ಜೈತೂನಬಿ ಒಬ್ಬಳೇ ನೋಡಿದೆನೆಂದಳು. ಬ್ಯಾಡಗಿಯವಳೇ. ಫಕ್ಕೀರವ್ವನ ಪಕ್ಕದಲ್ಲಿ ಕೂತು ತುಂಬು ಬಿಡಿಸುತ್ತಿದ್ದವಳು. ಮೈಮೇಲಿನ ಚೀಲ ಎತ್ತುವಾಗ ಫಕ್ಕೀರವ್ವನ ಕೈ ಇನ್ನೂ ಬಿಸಿ ಇತ್ತು, ಬಾಯಿ ಮೂಗಿನ ತುಂಬ ಖಾರದ ಪುಡಿ ಇತ್ತು ಎಂದು ಕನಕರಾಜನಿಗೆ ಹೇಳಿದಳು. ದುಡಿಯುವವರ ಮಾತು ಬಂದರೆ ಅದಕ್ಕೆ ಹೆಸರು, ಊರು ಇರಬೇಕು ಎಂಬುದು 'ದುಡಿಮೆಗಾರ'ದ ರೂಢಿ. ಹೆಸರಿಲ್ಲದ ಮಾತು ಗಾಳಿಮಾತು ಎಂದು ಸಂಪಾದಕ ಚಂದ್ರಶೇಖರ ಪ್ರತಿ ಸಭೆಯಲ್ಲೂ ಹೇಳುವವರು. ಕನಕರಾಜ ಅದನ್ನು ಅವಳಿಗೆ ತಿಳಿಸಿದ.

"ಹಾಕ್ರಿ. ಕಂಡದ್ದ ಹೇಳಾಕ ನನಗೇನ ಹೆದರಿಕಿ?" ಎಂದಳು ಜೈತೂನಬಿ. ಆಮೇಲೆ ಸ್ವಲ್ಪ ತಡೆದು, "ನಿಮ್ಮ ಪೇಪರ ಯಾರ ಓದತಾರ ಬಿಡ್ರಿ ಅಣ್ಣಾರ" ಎಂದು ನಕ್ಕಳು.

ಸುದ್ದಿ ಮೊದಲ ಪುಟದಲ್ಲಿ ಬಂತು. ಬ್ಯಾಡಗಿಯ ಹೆಸರು ಅಲ್ಲಿ ಬಂದದ್ದು ಅದೇ ಮೊದಲು. ಕತ್ತರಿಸಿದ ತುಣುಕನ್ನು ಕಾರ್ಮಿಕ ಕಚೇರಿ ನಾಗಪ್ಪನ ಅರ್ಜಿಗೆ ಸೇರಿಸಿಕೊಂಡಿತು. ವಿಚಾರಣೆಗೆ ತಾರೀಖೂ ಕೊಟ್ಟಿತು.

ಸಾವಕಾರರು ಕನಕರಾಜನನ್ನು ಕರೆಸಿ ಚಹಾ ಕುಡಿಸಿದರು. ಜೋರು ಮಾಡಲಿಲ್ಲ. ಚಂದಾ ನಿಲ್ಲಿಸುವ ಮಾತೂ ಎತ್ತಲಿಲ್ಲ. "ಊರಾಗ ನಿಮ್ಮ ಪೇಪರ ಪೂರಾ ಓದಾಂವ ನಾ ಒಬ್ಬಾವ ನೋಡ್ರಿ," ಎಂದರಷ್ಟೇ. ಮರುದಿನ ಜೈತೂನಬಿಯನ್ನು ಗೇಟಿನಲ್ಲೇ ತಿರುಗಿಸಿ ಕಳಿಸಿದರು. ಇನ್ನೊಂದು ಗೋಡೌನಿಗೆ ಹೋದಳು, ಅಲ್ಲಿಯೂ ಜಾಗ ಇರಲಿಲ್ಲ. ಮಗಳು ದಿಲನಾಜಳನ್ನೂ ಬೇಡವೆಂದರು. ಸುಗ್ಗಿ ಜೋರಾಗಿ ನಡೆದಿತ್ತು, ಹೊರ ಊರುಗಳಿಂದ ಹೆಂಗಸರನ್ನು ಹುಡುಕಿ ತರುತ್ತಿದ್ದರು. ಇವರಿಬ್ಬರಿಗೆ ಮಾತ್ರ ಎಲ್ಲಿಯೂ ಕೆಲಸ ಸಿಗಲಿಲ್ಲ.

ವಾರಗಳು ಕಳೆದವು. ಒಂದು ಮಧ್ಯಾಹ್ನ ಜೈತೂನಬಿ ಅಂಗಡಿಗೆ ಬಂದು ಬೆಂಚಿನ ತುದಿಗೆ ಕೂತಳು. ಮ್ಯಾನೇಜರ ಹೇಳಿ ಕಳಿಸಿದ್ದನಂತೆ. ಹಿಂದೆ ಹೇಳಿದ್ದು ಸುಳ್ಳು ಎಂದು ಅದೇ ಪೇಪರಿನಲ್ಲಿ, ಅದೇ ಜಾಗದಲ್ಲಿ, ಅವಳ ಹೆಸರು ಹಾಕಿ ಬರೆಸಿದರೆ ತಾಯಿ ಮಗಳಿಬ್ಬರೂ ಕೆಲಸಕ್ಕೆ ಬರಬಹುದು.

ಕನಕರಾಜ ಕೈಯಲ್ಲಿದ್ದ ತಂತಿಯನ್ನು ಕೆಳಗಿಟ್ಟ. ಪಕ್ಷದ ಯೂನಿಯನ್ನಿನಿಂದ ಏನಾದರೂ ಮಾಡೋಣ, ವಿಚಾರಣೆ ಮುಗಿಯುವ ತನಕ ತಡೆದುಕೊ ಎಂದ.

"ಎಷ್ಟ ಮಂದಿ ಅದಾರ್ರಿ ನಿಮ್ಮ ಯೂನಿಯನ್ನಿನ್ಯಾಗ?" ಎಂದು ಅವಳು ಕೇಳಿದಳು. ಅವನು ತಂತಿಯನ್ನು ಮತ್ತೆ ಕೈಗೆತ್ತಿಕೊಂಡ. "ನಾ ಬಯ್ಯಾಕ ಬಂದಿಲ್ರಿ. ಹೆಸರ ಹಾಕ್ರಿ ಅಂದಾಕಿ ನಾನ. ಈಗ ತಗೀರಿ ಅನ್ನಾಕಿನೂ ನಾನ."

ಅವಳೆದುರಿಗೇ ಅವನು ಬೆಂಗಳೂರಿಗೆ ಫೋನು ಮಾಡಿದ. ಚಂದ್ರಶೇಖರ ಮೊದಲು ಒಪ್ಪಲಿಲ್ಲ. ಪತ್ರಿಕೆಯ ಮಾನ, ಸತ್ತವಳ ನ್ಯಾಯ ಎಂದೆಲ್ಲ ಹೇಳಿದರು. ಮಾತು ಅವಳದೆಂದು ಹಾಕಿದ್ದೇವೆ, ಈಗ ಅವಳೇ ಹಿಂತೆಗೆದುಕೊಳ್ಳುತ್ತೇನೆ ಎಂದರೆ ಬೇಡ ಎನ್ನುವುದಕ್ಕೆ ನಾವು ಯಾರು ಎಂದು ಕನಕರಾಜ ಕೇಳಿದ.  'ಒತ್ತಡದಿಂದ' ಎಂಬ ಒಂದು ಪದ ಸೇರಿಸಬಹುದೇ ಎಂದು ಚಂದ್ರಶೇಖರ ಕೇಳಿದಾಗ, ಸೇರಿಸಿದರೆ ಕೆಲಸ ಕೊಡುವುದಿಲ್ಲ ಎಂದ. ಕೊನೆಗೆ, "ಬರೆದು ಕಳಿಸಿ" ಎಂದು ಅವರು ಫೋನು ಇಟ್ಟರು.

ಅವಳು ಹೇಳಿದಳು, ಅವನು ಬರೆದ. ತಾನು ಏನೂ ನೋಡಿಲ್ಲ ಎಂದಷ್ಟೇ ಇದ್ದರೆ ಸಾಲದೇ ಎಂದು ಕೇಳಿದ್ದಕ್ಕೆ, ಸಾಲುವುದಿಲ್ಲವಂತೆ ಎಂದಳು. ಆ ದಿನ ಫಕ್ಕೀರವ್ವ ಗೋಡೌನಿಗೆ ಬಂದೇ ಇರಲಿಲ್ಲ ಎಂದೂ ಇರಬೇಕು. ಬರೆದ ಮೇಲೆ ಒಮ್ಮೆ ಓದಿಸಿದಳು. ನಾಳೆ ಯಾರಾದರೂ ಕೇಳಿದರೆ ಬಾಯಿ ತಪ್ಪಬಾರದೆಂದು ಇನ್ನೊಮ್ಮೆ ಓದಿಸಿದಳು.

ಆ ಸಂಚಿಕೆಗೆ ಬ್ಯಾಡಗಿಯಿಂದ ಹಿಂದೆಂದೂ ಇಲ್ಲದಷ್ಟು ಬೇಡಿಕೆ ಬಂತು. ಅಷ್ಟು ಪ್ರತಿಗಳು ಬೇಕೆಂದು ಪ್ರವೀಣಕುಮಾರ ಮೊದಲೇ ಹೇಳಿ ಇಟ್ಟಿದ್ದ. ಕನಕರಾಜ ಎರಡು ಸಲ ಬೈಕಿನಲ್ಲಿ ಕಟ್ಟು ಸಾಗಿಸಬೇಕಾಯಿತು. ಗೋಡೌನಿನ ಗೇಟಿನಲ್ಲಿ ಮ್ಯಾನೇಜರನ ಆಳುಗಳು ಒಳಗೆ ಹೋಗುವ ಪ್ರತಿ ಹೆಂಗಸಿನ ಕೈಗೂ ಒಂದೊಂದು ಪತ್ರಿಕೆ ಕೊಟ್ಟರು. ಟೆಂಪೋಗಳೊಳಗೂ ಹಾಕಿದರು. ಅವತ್ತು ಅಬ್ದುಲರಜಾಕ ಗ್ರೀಸಿನ ಸುದ್ದಿ ಕೇಳಲಿಲ್ಲ.

ಟೆಂಪೋದಿಂದಲೇ ಒಂದು ಪ್ರತಿ ಹಲಗೇರಿಗೆ ಹೋಗಿತ್ತು. ಎರಡು ದಿನ ಬಿಟ್ಟು, ವಿಚಾರಣೆಗೆಂದು ಹಾವೇರಿಗೆ ಹೊರಟ ನಾಗಪ್ಪ ದಾರಿಯಲ್ಲಿ ಬ್ಯಾಡಗಿಗೆ ಇಳಿದು ಅಂಗಡಿಗೆ ಬಂದ. ಒಗೆದ ಅಂಗಿ ಹಾಕಿದ್ದ. ಓದು ಬಾರದವನು. ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಕಿಸೆಯಲ್ಲಿಟ್ಟುಕೊಂಡಿದ್ದ.

"ನಮ್ಮಾಕಿ ಸುದ್ದಿ ಮತ್ತ ಬಂದೈತಂತ್ರಿ. ಮಂದಿ ಬರೇ ಬಂದೈತಿ ಅಂತಾರ, ಓದಿ ಹೇಳವಲ್ರು," ಎಂದ. "ಸಾಹೇಬ್ರಿಗೆ ಇದನ್ನೂ ಕೊಡೂಣು ಅಂತ ತಂದೇನಿ. ಒಂಚೂರ ಓದ್ರಿ."

ಕನಕರಾಜ ಅವನನ್ನು ಕೂರಿಸಿ ನೀರು ಕೊಟ್ಟ. ಪತ್ರಿಕೆ ಬಿಡಿಸಿಕೊಂಡು, ಒಂದು ಅಕ್ಷರವನ್ನೂ ಬಿಡದೆ, ಇದ್ದುದನ್ನು ಇದ್ದಹಾಗೆ ಓದಿದ. ನಾಗಪ್ಪ ಲೋಟ ಹಿಡಿದುಕೊಂಡೇ ಕೇಳಿದ.

"ಇದನ್ನ ಜೈತೂನಬಿ ಹೇಳ್ಯಾಳ?"

"ಹೂಂ."

"ಕೆಲಸಕ್ಕ ಹೊಂಟಾಳೇನ್ರಿ ಈಗ?"

"ಹೊಂಟಾಳ. ಮಗಳೂ ಹೊಂಟಾಳ."

ನಾಗಪ್ಪ ತಲೆಯಾಡಿಸಿದ. ರಸ್ತೆಯಲ್ಲಿ ಚೀಲ ತುಂಬಿದ ಲಾರಿ ಹೋಯಿತು, ಇಬ್ಬರೂ ಕೆಮ್ಮಿದರು.

"ಹಂಗಾರ ಆವತ್ತ ಮುಂಜಾನೆ ನಮ್ಮಾಕಿ ಬುತ್ತಿ ಕಟಗೊಂಡು ಎಲ್ಲಿಗೆ ಹೋಗಿದ್ಲಂತ ಬರದೀರಿ?"

"ಅದನ್ನ ಬರದಿಲ್ಲ," ಎಂದ ಕನಕರಾಜ.

ಆಮೇಲೆ ಅವನು ನಿಧಾನವಾಗಿ ಎಲ್ಲ ಹೇಳಿದ. ಕಚೇರಿಯಲ್ಲಿದ್ದ ಆಧಾರ ಆ ಹಳೆಯ ತುಣುಕು ಒಂದೇ. ಇದನ್ನು ಸಾವಕಾರರ ವಕೀಲ ಇಷ್ಟೊತ್ತಿಗೆ ಅಲ್ಲಿ ಕೊಟ್ಟಿರುತ್ತಾನೆ. ಇನ್ನು ಅರ್ಜಿ ನಿಲ್ಲುವುದಿಲ್ಲ. ಹಾವೇರಿಗೆ ಹೋಗಿಯೂ ಉಪಯೋಗವಿಲ್ಲ.

ನಾಗಪ್ಪ ಉಳಿದ ನೀರು ಕುಡಿದು ಲೋಟವನ್ನು ಬೆಂಚಿನ ಮೇಲಿಟ್ಟ.

"ತಾರೀಖ ಕೊಟ್ಟಾರಲ್ರಿ," ಎಂದ. "ಕರದಾಗ ಹೋಗದಿದ್ರ ಹೆಂಗ?"

ಪತ್ರಿಕೆಯನ್ನು ಕನಕರಾಜನ ಕೈಯಲ್ಲೇ ಬಿಟ್ಟು, ಹಾವೇರಿ ಬಸ್ಸು ಹಿಡಿಯಲು ಸ್ಟ್ಯಾಂಡಿನ ಕಡೆ ನಡೆದ.