ಸದ್ದಿಲ್ಲದ ಬಿಸಿ

ಅಣ್ಣನ ಶವಪೆಟ್ಟಿಗೆಯನ್ನು ಚರ್ಚಿನ ಮೆಟ್ಟಿಲಿಂದ ಇಳಿಸಿದ್ದು ನಾನೊಬ್ಬನೇ, ಅದೂ ಎಡಗೈಯಲ್ಲಿ. ಮಿಕ್ಕ ಐವರು ಫೋಟೋಕ್ಕೆಂದು ಕೈ ಹಚ್ಚಿದ್ದರು, ಅಷ್ಟೆ. ಬಲಗೈಯಲ್ಲಿ ನಾನು ಟೋಪಿ ಹಿಡಿದಿದ್ದೆ; ಅಮೆರಿಕದ ನಮ್ಮ ಬಫಲೋ ಊರಿನ ಗಾಳಿ ಆವತ್ತು ಸರೋವರದ ಕಡೆಯಿಂದ ಎರಡು ಲಾರಿಗಳನ್ನು ಎತ್ತಿಕೊಂಡು ಬಂದಿತ್ತು.

"ಮೆಲ್ಲಗೆ, ಲೆಶೆಕ್!" ಅಂದಳು ಅತ್ತಿಗೆ ಯಾದ್ವಿಗಾ. "ನಿಮ್ಮಣ್ಣನ್ನ ಬಾಯ್ಲರ್ ಅನ್ಕೊಂಡಿದೀಯಾ?"

"ಬಾಯ್ಲರ್ ಆಗಿದ್ರೆ ಮರ್ಯಾದೆಯಿಂದ ಹೊರ್ತಿದ್ದೆ ಅತ್ತಿಗೆ."

ನಮ್ಮದು ಹಬೆಯ ಮನೆತನ. ಚಳಿಗೆ ಮನೆ ಬೆಚ್ಚಗಿಡಲು ಈ ಪೋಲಿಷ್ ಕೇರಿಯ ಅರ್ಧಕ್ಕೆ ಅಪ್ಪ ಹಬೆ ಹತ್ತಿಸಿದ, ಉಳಿದರ್ಧಕ್ಕೆ ನಾನು. ಗೋಡೆಬದಿಯ ಕಬ್ಬಿಣದ ರೇಡಿಯೇಟರ್ ಎಂದರೆ ಬುಸ್ಸೆನ್ನಬೇಕು, ಪೈಪು ಢಣ್ಣೆನ್ನಬೇಕು, ಚಳಿಗಾಲದಲ್ಲಿ ಮನೆಯೊಳಗೆ ಇನ್ನೊಂದು ಜೀವ ಇದೆ ಅನ್ನಿಸಬೇಕು. ನಮ್ಮಣ್ಣ ಝೆನೋನ್ ಅದನ್ನೆಲ್ಲ ಬಿಟ್ಟು ನೀರಿನವನಾದ. ಹಬೆಯ ಹಳೇ ರೇಡಿಯೇಟರುಗಳಿಗೆ ಇನ್ನೊಂದು ಪೈಪು ಸಿಕ್ಕಿಸಿ ಅವುಗಳೊಳಗೆ ಬಿಸಿನೀರು ಓಡಿಸುತ್ತೇನೆಂದು ಹೊರಟ. ಸೂಪಿಗೆ ಉಪ್ಪು ಕಮ್ಮಿಯಾದರೂ ಬಾಯಿಬಿಟ್ಟು ಕೇಳದವನು, ಬಾಗಿಲನ್ನು ಕೂಡ ಕ್ಷಮೆ ಕೇಳಿದ ಹಾಗೆ ಮುಚ್ಚುವವನು. ಅಂಥ ಪುಕ್ಕಲನಿಗೆ ನೀರೇ ಸರಿ.

ಅವನ ಕೊನೆಯ ಕೆಲಸ ಚರ್ಚಿನ ಪಕ್ಕದ ಊಟದ ಹಾಲ್. ಆಸ್ಪತ್ರೆ ಸೇರುವ ಮುಂಚೆ ಮುಗಿಸಿದ್ದ. ಮಣ್ಣು ಮಾಡಿದ ಮೇಲಿನ ಊಟ ಅಲ್ಲೇ ಆಗಬೇಕೆಂದು ಅತ್ತಿಗೆಯ ಹಟ. ಚರ್ಚ್ ಸಮಿತಿಯ ಅಧ್ಯಕ್ಷ ತೆಯೋಫಿಲ್ ಮುಖದ ಮೇಲೇ ಹೇಳಿಬಿಟ್ಟಿದ್ದ: "ನೋಡಮ್ಮ, ಇವತ್ತು ಹಾಲ್ ಬೆಚ್ಚಗಾಗ್ಲಿಲ್ಲ ಅಂದ್ರೆ ಸೋಮವಾರ ಎಲ್ಲಾ ಕಿತ್ಸಿ ಹಬೆಗೇ ವಾಪಸ್ ಹೋಗ್ತೀವಿ."

ಆ ಮಾತನ್ನು ಅವನ ಕಿವಿಗೆ ಊದಿದವನು ನಾನೇ ಎಂಬುದು ಬೇರೆ ವಿಷಯ.

*

ಅಕ್ಟೋಬರಿನಲ್ಲಿ ಒಮ್ಮೆ ಅವನ ಕೆಲಸ ನೋಡಿ ನಗಲೆಂದೇ ಹೋಗಿದ್ದೆ. ಝೆನೋನ್ ಮಂಡಿಯೂರಿ, ರೇಡಿಯೇಟರಿನ ಕಂಬಗಳು ಮೇಲ್ಗಡೆಯೂ ಒಂದಕ್ಕೊಂದು ಕೂಡಿವೆಯೇ ಎಂದು ಬೆರಳಾಡಿಸುತ್ತಿದ್ದ. ಕೆಳಗಷ್ಟೇ ಕೂಡಿದ್ದರೆ ಒಳಗೆ ನೀರು ಸುತ್ತುವುದಿಲ್ಲವಂತೆ. ಅಂಥವನ್ನು ಬೇರೆಯಾಗಿ ಎಳೆದಿಟ್ಟಿದ್ದ.

"ಬಾಯ್ಲರ್ ಕತ್ತಿನ ತನಕ ನೀರು ತುಂಬಿದ್ರೆ ಹಬೆ ಎಲ್ಲಿ ಕೂರತ್ತೋ, ಪೆದ್ದಣ್ಣ?"

"ಹಬೆ ಬೇಡ ಕಣೋ. ಬರೀ ನೀರು. ಕೆಳಗಿಂದ ಮೇಲಿನ ತನಕ ತುಂಬಿರ್ಬೇಕು, ಪಂಪು ಸುತ್ತಿಸತ್ತೆ."

"ಸದ್ದೇ ಇರಲ್ವಲ್ಲೋ! ಉರೀತಿದೆ ಅಂತ ಹೇಗೆ ಗೊತ್ತಾಗತ್ತೆ?"

ಅವನು ಬೆರಳಿನ ತುಕ್ಕು ಒರೆಸಿಕೊಂಡ. "ಅಪ್ಪನ್ನ ಮಣ್ಣು ಮಾಡಿ ಇಲ್ಲೇ ಊಟಕ್ಕೆ ಕೂತಿದ್ದು ನೆನಪಿದ್ಯಾ? ಪಾದ್ರಿ ಅಪ್ಪನ ಹೆಸರು ಹೇಳಿದಾಗೆಲ್ಲ ಈ ಪೈಪು ಢಣ್ ಅಂತಿತ್ತು. ಎಲ್ರೂ ನಕ್ರು. ಅಮ್ಮ ತಲೆ ಎತ್ಲಿಲ್ಲ."

ನೆನಪಿತ್ತು. ನಕ್ಕವರಲ್ಲಿ ನನ್ನದೇ ಜೋರು. ನನ್ನದು ಯಾವಾಗಲೂ ಜೋರೇ.

*

ಹಾಲ್‌ನೊಳಗೆ ಧ್ರುವಪ್ರದೇಶ. ಬೀಟ್‌ರೂಟ್ ಸೂಪು ಚಮಚದಿಂದ ಬಾಯಿಗೆ ಬರುವಷ್ಟರಲ್ಲಿ ಕೆಂಪು ಗಾಜಾಗುತ್ತಿತ್ತು. ಎಲೆಕೋಸಿನ ಸುರುಳಿಗಳನ್ನು ಸುತ್ತಿಗೆಯಿಂದ ಒಡೆದು ಬಡಿಸಿದರು.

ತೆಯೋಫಿಲ್ ರೇಡಿಯೇಟರಿನ ಮೇಲೆ ಅಂಗೈ ಇಟ್ಟ. "ಝೆನೋನ್ ಬದುಕಿದ್ದ ಹಾಗೇ ಇದೆಯಪ್ಪ. ಸದ್ದೂ ಇಲ್ಲ, ಬಿಸೀನೂ ಇಲ್ಲ."

ಮೇಜುಗಳೆಲ್ಲ ನಕ್ಕವು. "ಹಬೆಯ ಹೊಟ್ಟೇಲಿ ಹುಟ್ಟಿ ನೀರಲ್ಲಿ ಮುಳುಗಿದ," ಎಂದು ನಾನೂ ಒಂದು ಸೇರಿಸಿದೆ. ಅತ್ತಿಗೆ ಚಮಚ ಇಟ್ಟು ಎದ್ದು ನೆಲಮಾಳಿಗೆಗೆ ಇಳಿದಳು. ತಿರುಗಿ ಬಂದಾಗ ಅವಳ ಕರಿಯ ಬೂಟುಗಳು ನೆನೆದಿದ್ದವು.

"ಬೆಳಿಗ್ಗೆ ಬಾಯ್ಲರ್ ಹಚ್ಚೋಕೆ ಹೋದೋನು ಯಾರು?"

"ನಾನೇ. ಕಣ್ಣು ಮುಚ್ಕೊಂಡು ಹಚ್ದೆ."

"ಕೆಳಗೆ ನೆಲ ಎಲ್ಲಾ ನೀರು. ಒತ್ತಡದ ಮುಳ್ಳು ಸೊನ್ನೇಲಿದೆ. ನೀರು ಬರೋ ನಲ್ಲಿ ಯಾರೋ ಬಿಗಿಯಾಗಿ ಮುಚ್ಚಿದಾರೆ. ಝೆನೋನ್ ಕೆಲಸ ಮಾಡುವಾಗ ಟಾರ್ಚ್ ಹಿಡ್ಕೊಂಡು ನಿಂತೋಳು ನಾನು. ನಂಗೂ ಗೊತ್ತಾಗತ್ತೆ."

"ಇಲಿ ಅತ್ತಿಗೆ, ಇಲಿ! ನಮ್ಮ ಕೇರಿ ಇಲಿಗಳು ಕಬ್ಬಿಣದ ಪೈಪನ್ನೇ—"

"ನಿನ್ನ ಪ್ಯಾಂಟಿನ ಮಂಡಿ ಯಾಕೆ ತುಕ್ಕು ಬಣ್ಣ ಆಗಿದೆ?"

ಇಡೀ ಹಾಲ್ ನನ್ನ ಮಂಡಿ ನೋಡಿತು. ಹಬೆಯ ಪೈಪಾಗಿದ್ದರೆ ಆಗ ಒಮ್ಮೆ ಢಣ್ಣೆಂದು ನನ್ನ ಮಾನ ಉಳಿಸುತ್ತಿತ್ತು. ನೀರಿನ ಪೈಪಿಗೆ ಆ ಸೌಜನ್ಯವೂ ಇರಲಿಲ್ಲ.

"ನೀರು ನಾನೇ ಬಿಟ್ಟೆ," ಅಂದೆ. "ಹಚ್ಚಿ ಸ್ವಲ್ಪ ಹೊತ್ತು ಕಾದೆ. ಬುಸ್ ಅನ್ಲಿಲ್ಲ, ಢಣ್ ಅನ್ಲಿಲ್ಲ. ನೀರು ಜಾಸ್ತಿಯಾಗಿ ಬಾಯ್ಲರ್ ಮುಳುಗಿದೆ ಅನ್ಕೊಂಡೆ. ನಲ್ಲಿ ಮುಚ್ಚಿ, ಹಬೆ ಬಾಯ್ಲರ್‌ಗೆ ಮಾಡೋ ಹಾಗೆ ಅರ್ಧ ಹೊಟ್ಟೆಗೆ ಇಳಿಸ್ಬಿಟ್ಟೆ. ಮೇಲಿದ್ದ ನೀರೆಲ್ಲ ಹೋಯ್ತು."

"ಬೇಕಂತ ಮಾಡ್ದ್ಯಾ?"

"ಇಲ್ಲ, ದೇವರಾಣೆ. ಸರಿ ಮಾಡೋಣ ಅಂತ. ಅವನು ಕೆಡಿಸಿದ್ದನ್ನ ನಾನು ಸರಿ ಮಾಡ್ದೆ ಅಂತ ಊಟದಲ್ಲಿ ಎಲ್ರಿಗೂ ಹೇಳೋಣ ಅಂತ. ಅವನು ಏನೂ ಕೆಡಿಸಿರ್ಲಿಲ್ಲ ಅತ್ತಿಗೆ."

ಅವಳು ಬೈಯಲಿಲ್ಲ. ಕೈಚೀಲದಿಂದ ಹಿತ್ತಾಳೆಯ ಸಣ್ಣ ಕೀಲಿಯೊಂದನ್ನು ತೆಗೆದು, ತನ್ನ ಸೂಪಿನ ಬಟ್ಟಲನ್ನು ಖಾಲಿ ಮಾಡಿ, ಎರಡನ್ನೂ ನನ್ನ ಕೈಗಿತ್ತಳು. "ಮೊದಲು ನೀರು ತುಂಬು. ಆಮೇಲೆ ಈ ಕೀಲೀಲಿ ಒಂದೊಂದು ರೇಡಿಯೇಟರ್ ಗಾಳೀನೂ ಬಿಡು."

ಕೆಳಗಿಳಿದು ನಲ್ಲಿ ತೆರೆದು ನೀರು ತುಂಬಿ, ಬಾಯ್ಲರ್ ಮತ್ತೆ ಹಚ್ಚಿ ಬಂದು, ಗೋಡೆಯುದ್ದಕ್ಕೂ ಮಂಡಿಯೂರುತ್ತ ಹೋದೆ. ಒಂದೊಂದು ರೇಡಿಯೇಟರಿನ ಮೂಲೆಯ ತಿರುಪನ್ನು ಸಡಿಲಿಸಿದರೆ ಗಾಳಿ ಉಸಿರು ಬಿಡುತ್ತಿತ್ತು, ಬಟ್ಟಲಿಗೆ ಕಪ್ಪು ನೀರು ಬೀಳುತ್ತಿತ್ತು, ಆಮೇಲೆ ಸದ್ದೇ ಇರುತ್ತಿರಲಿಲ್ಲ. ಕೊನೆಯದನ್ನು ಮುಗಿಸಿ ತಿರುಗುವಷ್ಟರಲ್ಲಿ, ತೆಯೋಫಿಲ್ ಕುರ್ಚಿಯನ್ನು ಮೆಲ್ಲಗೆ ರೇಡಿಯೇಟರಿನ ಪಕ್ಕಕ್ಕೆ ಎಳೆದುಕೊಂಡು, ನನ್ನತ್ತ ನೋಡದೆ, ಕೋಟಿನ ಗುಂಡಿ ಬಿಚ್ಚುತ್ತಿದ್ದ.