ಹದ್ದುಗಳು ಕಲಿತದ್ದು

ಹಲಸೂರಿನ ಮನೆಯ ಮಾಳಿಗೆಯ ಮೇಲೆ ಪಿಳ್ಳಪ್ಪನವರ ತಿಥಿಯ ಎಡೆ ಇಟ್ಟು ನೆಂಟರೆಲ್ಲ ಕಾಗೆಗಾಗಿ ಕಾಯುತ್ತಿದ್ದರು. ಎಲೆಯಲ್ಲಿ ಮುದ್ದೆ, ಮೇಲೆ ಅವರಿಗೆ ಇಷ್ಟವಾದ ಮಾಂಸದ ಸಾರು. ಕಾಗೆಗಳು ತೆಂಗಿನ ಮರದಲ್ಲಿ ಕೂತು ಅರಚುತ್ತಿದ್ದವೇ ಹೊರತು ಒಂದೂ ಹತ್ತಿರ ಸುಳಿಯಲಿಲ್ಲ. ಮೇಲೆ ಹದ್ದುಗಳು ಸುತ್ತುತ್ತಿದ್ದವು.

"ಬದುಕಿದ್ದಾಗ್ಲೂ ಅಣ್ಣ ಒಂದೇ ಕೂಗಿಗೆ ಊಟಕ್ಕೆ ಬಂದೋನಲ್ಲ ಬಿಡಿ," ಎಂದ ತಮ್ಮ ಮುನಿರಾಜಪ್ಪ. ಯಾರೋ ನಕ್ಕರು.

ಪಿಳ್ಳಪ್ಪನವರ ಹೆಂಡತಿ ನಗಲಿಲ್ಲ. ಆಕಾಶಕ್ಕೆ ಕೈಮುಗಿದರು. "ನಾನೇನ್ ಕಮ್ಮಿ ಮಾಡ್ದೆ ನಿಮ್ಗೆ? ಯಾಕ್ ಮುನ್ಸು?"

ಸೊಸೆ ಗೋವಿಂದಮ್ಮ ಮೆಟ್ಟಿಲ ಬಾಗಿಲ ಮರೆಯಲ್ಲಿದ್ದಳು. ಕಾಗೆ ಯಾಕೆ ಬರುತ್ತಿಲ್ಲವೆಂದು ಅವಳೊಬ್ಬಳಿಗೆ ಗೊತ್ತಿತ್ತು.

ಬರ್ಮಾ ಯುದ್ಧಕ್ಕೆ ಹೋದ ಗಂಡನಿಂದ ಕಾಗದ ನಿಂತಾಗ ಪಕ್ಕದ ಮನೆಯ ಜಹನಾರಾ ಹೇಳಿದ್ದಳು: "ಹದ್ದುಗಳಿಗೆ ಗೋಶ್ ಎಸೀರಿ ಬೆಹನ್. ನಿಮ್ಮೋರ ತಲೆ ಮೇಲಿನ ಬಲಾ, ಪೀಡೆ ಎಲ್ಲಾ ಅವು ಎತ್ಕೊಂಡ್ ಹೋಗ್ತಾವೆ." ಮನೆಗೆ ಬರುತ್ತಿದ್ದ ಮಾಂಸವೇ ಇಷ್ಟು, ಅದೂ ಹಾಸಿಗೆ ಹಿಡಿದ ಮಾವನ ಸಾರಿಗೆಂದು. ಗೋವಿಂದಮ್ಮ ಅದರಲ್ಲೇ ಚೂರುಗಳನ್ನು ಕದ್ದು, ಬಟ್ಟೆ ಒಣಹಾಕುವ ನೆಪದಲ್ಲಿ ಮೇಲೆ ಬರುತ್ತಿದ್ದಳು.

ಮೊದಮೊದಲು ಬಾಲದ ಗರಿ ಮುರಿದ ಒಂದೇ ಹದ್ದು ಬಂದು ಗಾಳಿಯಲ್ಲೇ ಚೂರು ಹಿಡಿಯುತ್ತಿತ್ತು. ಉಳಿದವು ಮಸೀದಿಯ ಮಿನಾರಿನ ಮೇಲೆ ಕೂತು, ಕತ್ತು ಓರೆ ಮಾಡಿ ನೋಡುತ್ತಿದ್ದವು. ನೋಡಿ ನೋಡಿ ಅವೂ ಬಂದವು. ಮುರಿದ ಬಾಲದ್ದು ಬೆರಳ ತುದಿಯಿಂದ ಕಿತ್ತುಕೊಳ್ಳಲು ಕಲಿಯಿತು. ಸ್ವಲ್ಪ ದಿನದಲ್ಲೇ ಎಲ್ಲವೂ ಕಲಿತವು. ಕೊನೆಗೆ ಸೀರೆ ಹರವಲು ಕೈ ಎತ್ತಿದರೂ ಇಳಿಯುತ್ತಿದ್ದವು.

"ಸೊಸೆ ಕೈಲಿ ಇಡ್ಸಿ ಅತ್ತಿಗೆ. ಅವಳು ಬಡಿಸಿದ್ದನ್ನೇ ಅಲ್ವಾ ಅಣ್ಣ ಉಂಡಿದ್ದು?" ಎಂದ ಮುನಿರಾಜಪ್ಪ.

"ನಾನ್ ಬೇಡ ಚಿಕ್ಕಮಾವ."

"ಬಾಮ್ಮ, ನಿನ್ ಕೈಯಿಂದಾದ್ರೂ ಉಣ್ಲಿ," ಎಂದು ಅತ್ತೆ ಅವಳನ್ನು ಎಳೆದು ತಂದು ನಿಲ್ಲಿಸಿದರು.

ಗೋವಿಂದಮ್ಮ ಎಲೆ ಎತ್ತಿದ್ದೇ ತಡ, ಮುರಿದ ಬಾಲದ್ದು ಮುಂದೆ, ಉಳಿದವು ಹಿಂದೆ, ಸುಯ್ಯನೆ ಇಳಿದವು. ನೆಂಟರು ಕಿರುಚಿ ತಲೆ ಮುಚ್ಚಿಕೊಂಡು ಕುಕ್ಕರಿಸಿದರು. ಅವಳು ಮಾತ್ರ ಕದಲಲಿಲ್ಲ. ಹದ್ದುಗಳು ಮುದ್ದೆ ಮುಟ್ಟದೆ ಮಾಂಸವನ್ನಷ್ಟೇ ಆರಿಸಿಕೊಂಡು ಹೋದವು, ಪಳಗಿದವುಗಳ ಹಾಗೆ.

ಅತ್ತೆ ಅವಳ ಬೆರಳುಗಳನ್ನು ನೋಡಿದರು. ಒಣಗಿದ ಹಳೆಯ ಗೀರುಗಳಿದ್ದವು.

"ಸಾರಲ್ಲಿ ತುಂಡೇ ಇಲ್ವಲ್ಲೇ ಅಂತಿದ್ರು ನಿಮ್ಮಾವ," ಎಂದರು ಮೆಲ್ಲಗೆ. "ನಾನು, ನಿಮ್ಗೆ ಕಣ್ ಮಂಜು, ಸುಮ್ನೆ ಉಣ್ಣಿ ಅಂದ್ಬಿಟ್ಟೆ."

"ಮಾವಂಗೆ ನಿಮ್ ಮೇಲೆ ಮುನ್ಸಿಲ್ಲ ಅತ್ತೆ. ಇವು ನನ್ ನೋಡಿ ಬರ್ತವೆ. ನಾನ್ ಹೋದ್ರೆ ಕಾಗೆ ಬರುತ್ತೆ."

ಎಲೆ ಕೆಳಗಿಟ್ಟು ಮೆಟ್ಟಿಲಿಳಿದಳು. ಯಾರೂ ತಡೆಯಲಿಲ್ಲ. ಒಲೆಯ ಬಳಿ ಗೋಡೆಗೆ ಮುಖ ಮಾಡಿ ನಿಂತಳು. ತುಸು ಹೊತ್ತಿಗೆ ಮಾಳಿಗೆಯಿಂದ "ಬಂತು, ಬಂತು!" ಎಂಬ ಕೂಗು ಕೇಳಿಸಿತು. ಗೋವಿಂದಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು.